ಒಂದೇ ಹಂಡೆಯ ಮನೆಯಿಂದ

ಗಾಳಿವರ್ಷ ತೊಂಬತ್ತೊಂದು, ಪಡುಗಾಳಿ ತಿಂಗಳ ಐವತ್ತೊಂದನೆಯ ದಿನ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ ಆಗುತ್ತದೆ ಎಂದು ನಮ್ಮ ಸಾಲಿ ಮಾಸ್ತರರು ಹೇಳುತ್ತಾರೆ.

ಹೊತ್ತು ಸಂಜೆ ನಾಲ್ಕು ಗಂಟೆ. ಬೆಳಗ್ಗೆ ನಮ್ಮ ಮನೆಗೆ ಹೊಸ ಹಂಡೆಗಳು ಬಂದವು. ಅವನ್ನು ಹಿತ್ತಿಲ ಗೋಡೆಗೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟಕ್ಕೆ ಎಲ್ಲರೂ ಬಂದು ಕೂತರು, ರೊಟ್ಟಿ ಮುರಿದರು. ಈಗ ಗಾಳಿ ಬಿದ್ದಿದೆ, ಕಂಬದ ಕೆಲಸ ನಿಂತಿದೆ, ಹೆಂಗಸರು ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಾರೆ. ನಾಳೆ ನಾನು ಗುಡ್ಡ ಇಳಿದು ಆಸ್ಪತ್ರೆಗೆ ಹೋಗಬೇಕು. ಹೋಗುತ್ತೇನೋ ಇಲ್ಲವೋ ಎಂಬುದು ಇವತ್ತು ಬೆಳಗಿನ ತನಕ ನನಗೇ ಗೊತ್ತಿರಲಿಲ್ಲ.

ನನ್ನ ಮಾತುಗಳು ನಿಮಗೆ ವಿಚಿತ್ರ ಅನಿಸಿದರೆ ಮನ್ನಿಸಬೇಕು. ನಮ್ಮ ತಿಂಗಳುಗಳು ಚಂದ್ರನ ಮೇಲೆ ನಡೆಯುವುದಿಲ್ಲ, ಗಾಳಿ ದಿಕ್ಕು ಬದಲಿಸುವ ತನಕ ಒಂದೇ ತಿಂಗಳು. ಅದಕ್ಕೇ ಐವತ್ತೊಂದನೆಯ ದಿನ ಎಂದು ಬರೆದೆ. ಇನ್ನು ಈ ಓಲೆಗೆ ನಾವು ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಸಾವಾದರೆ, ಸೂತಕ ಮುಗಿಯುವ ಮುಂಚೆ, ಸತ್ತವರ ಒಡಹುಟ್ಟಿದವರು ಹಿಂದಿನ ಕಾಲದವರಿಗೆ ಒಂದು ಓಲೆ ಬರೆದು ಕಂಬದ ತುದಿಗೆ ಕಟ್ಟಬೇಕು. ಗಾಳಿ ಅಕ್ಷರಗಳನ್ನು ಒರೆಸುವ ತನಕ ಅದು ಅಲ್ಲಿ ಇರುತ್ತದೆ. ಮುಟ್ಟುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಹೆಸರು, ಕುಲ, ಸತ್ತವರ ನಾಲ್ಕು ಒಳ್ಳೆಯ ಗುಣ ಬರೆಯುತ್ತಾರೆ. ನಾನು ಏಳನೆಯ ಇಯತ್ತೆಯವರೆಗೆ ಕಲಿತವನು, ನನಗೆ ಅಷ್ಟೇ ಬರೆಯಲು ಬರಬೇಕಿತ್ತು. ಆದರೆ ಹೆದರಿಕೆ ಇದ್ದಾಗ ಕೈ ಸುಮ್ಮನೆ ಓಡುತ್ತದೆ.

ನನ್ನ ಹೆಸರು ಗವಿಸಿದ್ದಪ್ಪ. ಹೋದ ವಾರ ಸತ್ತವನು ನನ್ನ ಅಣ್ಣ ಕಳಕಪ್ಪ, ಐವತ್ತೆಂಟು ವರ್ಷದವನು. ನಾನು ಅವನಿಗಿಂತ ಐದು ವರ್ಷ ಚಿಕ್ಕವನು. ನಾವು ಕಂಬದವರು. ನಿಮ್ಮ ಕಾಲದಲ್ಲಿ ಗದಗಿನ ಈ ಗುಡ್ಡಗಳ ಮೇಲೆ ಗಾಳಿಯ ಯಂತ್ರಗಳನ್ನು ನಿಲ್ಲಿಸಿದರಂತೆ. ಅವೇ ಈಗ ನಮ್ಮ ಹೊಲ, ನಮ್ಮ ದನ. ಅವನ್ನು ರೆಕ್ಕೆಗಂಬ ಎನ್ನುತ್ತೇವೆ. ಹಳೆಯ ರೆಕ್ಕೆ ಬಿದ್ದಲ್ಲಿ ಬಿದಿರು ಮತ್ತು ನಾರಿನ ಹೊಸ ರೆಕ್ಕೆ ಕಟ್ಟುತ್ತೇವೆ, ಒಳಗಿನ ಏಣಿ ಹತ್ತಿ ಎಣ್ಣೆ ಹಚ್ಚುತ್ತೇವೆ, ಬೋಲ್ಟುಗಳಿಗೆ ಸುತ್ತಿಗೆ ತಾಗಿಸಿ ಕಿವಿಗೊಟ್ಟು ಕೇಳುತ್ತೇವೆ. ಹಗ್ಗದ ಪಟ್ಟಿ ತೊಡೆಗೆ, ಸೊಂಟಕ್ಕೆ ಬಿಗಿದಿರುತ್ತದೆ. ಗಂಡಸರೆಲ್ಲರಿಗೂ ಸೊಂಟನೋವು ಇದ್ದೇ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗಿಯನ್ನು ಕೊಡುವಾಗಲೂ ವರನ ಸೊಂಟಕ್ಕೆ ಪಟ್ಟಿಯ ಗುರುತು ಬಿದ್ದಿದೆಯೋ ಎಂದು ಮಾವ ನೋಡುತ್ತಾನೆ. ಕೆಳಗಿನ ಬಯಲಿನಲ್ಲಿ ಬಿಸಿಲ ಧಗೆಗೆ ಹಗಲು ಹೊತ್ತು ಯಾರೂ ಹೊರಗೆ ಇರಲಾಗದು. ಇಲ್ಲಿ ಗಾಳಿ ಇದೆ, ಆದರೆ ನೀರಿಲ್ಲ.

ನೀರಿಲ್ಲದ್ದರಿಂದಲೇ ಹಂಡೆ. ನಮ್ಮಲ್ಲಿ ಮೈಯಿಂದ ಹೋದ ನೀರು ನೆಲಕ್ಕೆ ಬೀಳಬಾರದು. ಪ್ರತಿ ಮನೆಯ ಬಚ್ಚಲಿನ ಹಿಂದೆ ಮಣ್ಣಿನ ದೊಡ್ಡ ಹಂಡೆ ಇರುತ್ತದೆ. ಮನೆಯವರ ಮೂತ್ರವೆಲ್ಲ ಕೊಳವೆಯಲ್ಲಿ ಅದಕ್ಕೆ ಇಳಿಯುತ್ತದೆ, ಮರಳು, ಇದ್ದಿಲು, ಬಿಸಿಲ ತಟ್ಟೆ ದಾಟಿ ಮರುನೀರಾಗಿ ಗಿಡಕ್ಕೆ, ಪಾತ್ರೆಗೆ, ಬಚ್ಚಲಿಗೆ ಮರಳಿ ಬರುತ್ತದೆ. ನಿಮಗೆ ಅಸಹ್ಯ ಅನಿಸಬಹುದು. ನಮಗೆ ಅದು ತೊಳೆದ ಬಟ್ಟೆಯಷ್ಟೇ ಶುದ್ಧ. ಹಂಡೆಯ ಕತ್ತಿನಲ್ಲಿ ಒಂದು ಸಾಕ್ಷಿಗಾಜು ಕೂರಿಸಿರುತ್ತಾರೆ. ಅದು ಮೂತ್ರದಲ್ಲಿ ರೋಗದ ಗುರುತು ಕಂಡರೆ ಬಣ್ಣ ಬದಲಿಸುವ ಗಾಜು. ಸಕ್ಕರೆಗೆ ಹಳದಿ, ಮೂತ್ರಪಿಂಡಕ್ಕೆ ಕಂದು, ಗಂಡಸರ ಒಳಕಾಯಿಯ ಬೇನೆಗೆ ನೇರಳೆ. ಒಳಕಾಯಿ ಎಂದರೆ ನೀವು ಪ್ರಾಸ್ಟೇಟ್ ಎನ್ನುತ್ತಿದ್ದ ಗ್ರಂಥಿ. ಗಾಜು ತಿಳಿಯಾಗಿದ್ದರೆ ಮನೆಗೆ ಸುಖ. ಬೆಳಗ್ಗೆ ಮೊದಲು ಎದ್ದವರು ಗಾಜು ನೋಡಿ “ತಿಳಿ ಐತಿ” ಎಂದು ಕೂಗಿ ಹೇಳುವುದು, ಒಳಗಿನವರು ಅದನ್ನು ಕೇಳಿ ಏಳುವುದು, ಇದು ನಮ್ಮ ಸುಪ್ರಭಾತ.

ನಿಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ಒಲೆ ಬೇರೆ ಮಾಡುತ್ತಿದ್ದರೆಂದು ಕೇಳಿದ್ದೇನೆ. ನಮ್ಮಲ್ಲಿ ಹಂಡೆ ಬೇರೆ ಮಾಡುತ್ತಾರೆ. ಒಲೆ ನಾಲ್ಕಿದ್ದರೂ ಹಂಡೆ ಒಂದಿದ್ದರೆ ಮನೆ ಒಂದೇ. ನಮ್ಮದು ಹದಿನಾಲ್ಕು ಜನರ ಮನೆ, ಇಡೀ ಗುಡ್ಡದಲ್ಲಿ ಒಂದೇ ಹಂಡೆಯ ದೊಡ್ಡ ಮನೆ ಎಂದು ಹೆಸರು ಪಡೆದದ್ದು. ಮದುವೆ ಮನೆಗಳಲ್ಲಿ ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಆರು ವರ್ಷದ ಹಿಂದೆ ಕೆಳಗಿನ ಊರಿನ ಡಾಕ್ಟರು ಮೆಹಜಬೀನ್ ಬಾಯಾರು ತೂಗುಬಂಡಿ ಹತ್ತಿ ಬಂದರು. ತೂಗುಬಂಡಿ ಎಂದರೆ ಹಗ್ಗದ ಮೇಲೆ ಇಳಿದು ಹತ್ತುವ ಗಾಡಿ. ಅವರು ಮನೆ ಮನೆಗೆ ಹೋಗಿ ಹೇಳಿದ್ದು ಒಂದೇ ಮಾತು: ಐವತ್ತು ದಾಟಿದ ಗಂಡಸರು ತಮ್ಮ ತಮ್ಮ ಸಣ್ಣ ಹಂಡೆ ಬೇರೆ ಇಟ್ಟುಕೊಳ್ಳಬೇಕು, ಜೊತೆಗೆ ವರ್ಷಕ್ಕೊಮ್ಮೆ ರಕ್ತ ಕೊಡಬೇಕು. “ಒಂದು ಚಿಟಗಿ ಉಪ್ಪು ನೀರಿನ ಕೊಡದೊಳಗ ಹಾಕಿದ್ರ ನಾಲಗಿಗೆ ಗೊತ್ತಾಕ್ಕತಿ. ಕೆರಿಯಾಗ ಹಾಕಿದ್ರ ಯಾರಿಗೆ ಗೊತ್ತಾಗಬೇಕ್ರಿ?” ಎಂದು ಕೇಳಿದರು. ನನ್ನ ಅಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಹೇಳಿದ, “ಬಾಯಾರ, ನೀವು ಉಪ್ಪಿನ ಮಾತು ಹೇಳಿ ನಮ್ಮನಿ ಒಡಿಯಾಕ ಬಂದೀರೇನು? ನಮ್ಮವ್ವ ಸಾಯೋ ಮುಂದ ಹಂಡಿ ಮುಟ್ಟಿಸಿ ಆಣಿ ತೊಗೊಂಡಾಳ.” ಎಲ್ಲರೂ ನಕ್ಕರು. ಬಾಯಾರು ನಗಲಿಲ್ಲ. “ನಿಮ್ಮವ್ವ ಯಾತರಿಂದ ಸತ್ರು?” ಎಂದು ಕೇಳಿದರು. ಎದೆಯ ಗಂಟಿನಿಂದ ಎಂದು ಅತ್ತಿಗೆ ಹೇಳಿದಳು. ಹಾಗಾದರೆ ಈ ಮನೆಯ ಗಂಡಸರು ಎಲ್ಲರಿಗಿಂತ ಮೊದಲು ರಕ್ತ ಕೊಡಬೇಕು ಎಂದರು ಬಾಯಾರು. ಹೆಂಗಸರ ಎದೆಯ ಕ್ಯಾನ್ಸರಿಗೂ ಗಂಡಸರ ಒಳಕಾಯಿಯ ಕ್ಯಾನ್ಸರಿಗೂ ಕೆಲವು ಮನೆತನಗಳಲ್ಲಿ ಬೇರು ಒಂದೇ ಇರುತ್ತದಂತೆ. ನಮಗೆ ಅದು ನಂಬುವ ಮಾತು ಎನಿಸಲಿಲ್ಲ. ಅವ್ವನ ರೋಗ ಅವ್ವನದು.

ಮುಂದಿನ ವರ್ಷಗಳಲ್ಲಿ ಬೆಳಗ್ಗೆ ಬೆಳಗ್ಗೆ “ತಿಳಿ ಐತಿ” ಎಂಬ ಕೂಗು ಕೇಳುತ್ತಲೇ ಇತ್ತು. ಹೆಚ್ಚಿನ ಪಾಲು ಕೂಗುತ್ತಿದ್ದವನು ಅಣ್ಣನೇ. ಅವನ ಮೂತ್ರದಲ್ಲಿನ ಗುರುತು ಹದಿಮೂರು ಜನರ ಮೂತ್ರದಲ್ಲಿ ಕರಗಿ ಗಾಜಿಗೆ ಕಾಣದೆ ಹೋಗುತ್ತಿತ್ತು. ಬೇರೆ ಮನೆಗಳಲ್ಲಿ ಮೂರು ನಾಲ್ಕು ಜನ ಇರುತ್ತಾರೆ, ಅಲ್ಲಿ ಗಾಜು ತಡವಾಗಿಯಾದರೂ ಮಂಕಾಗುತ್ತಿತ್ತೇನೋ. ನಮ್ಮ ಹೆಮ್ಮೆ ಎಷ್ಟು ದೊಡ್ಡದಾಗಿತ್ತೋ ಗಾಜು ಅಷ್ಟು ತಿಳಿಯಾಗಿತ್ತು.

ಹೋದ ವರ್ಷ ಮೂಡುಗಾಳಿ ಶುರುವಾದಾಗ ಅಣ್ಣನ ಸೊಂಟ ಹಿಡಿಯಿತು. ಕಂಬದವನಿಗೆ ಸೊಂಟ ಹಿಡಿಯುವುದು ಸುದ್ದಿಯಲ್ಲ. ಅತ್ತಿಗೆ ಶಂಕ್ರವ್ವ ಎಳ್ಳೆಣ್ಣೆ ಕಾಸಿ ತಿಕ್ಕಿದಳು. ಪಟ್ಟಿಯ ಗೊಳಸು ಸಡಿಲ ಮಾಡಿ ಹತ್ತಿದ. ನಾನು ಕೆಳಗೆ ನಿಂತು ಹಗ್ಗ ಹಿಡಿದಿದ್ದಾಗ ಅವನು ಏಣಿಯ ನಡುವೆ ನಿಂತುಬಿಡುವುದನ್ನು ನೋಡಿದೆ. ಇಳಿದ ಮೇಲೆ ಕೇಳಿದರೆ, “ಏ ತಮ್ಮಾ, ಸೊಂಟ ನಂದು, ಬ್ಯಾನಿ ನಿನಗ್ಯಾಕೋ ಬಂತು?” ಎಂದ. ಮೂತ್ರ ಹೊಯ್ಯಲು ಮತ್ತೆ ಮತ್ತೆ ಏಳುತ್ತಿದ್ದ, ಧಾರೆ ಸಣ್ಣಗಾಗಿತ್ತು, ಅದನ್ನು ವಯಸ್ಸಿಗೆ ಹಚ್ಚಿದೆವು. ಅದು ನಿಜವಾಗಿಯೂ ವಯಸ್ಸಿನದೇ ಇರಬಹುದಿತ್ತು. ವಯಸ್ಸಾದ ಗಂಡಸರಲ್ಲಿ ಕಾಯಿ ಸುಮ್ಮನೆ ಊದಿಕೊಳ್ಳುತ್ತದೆ, ಅದು ಕ್ಯಾನ್ಸರ್ ಅಲ್ಲ ಎಂದು ಬಾಯಾರು ಆಮೇಲೆ ಹೇಳಿದರು. ಆದರೆ ಬೆನ್ನು ನೋವಿಗೆ ಮಲಗಿದರೂ ಆರಾಮ ಸಿಗದಿದ್ದದ್ದು, ಎಣ್ಣೆಗೆ ಬಗ್ಗದಿದ್ದದ್ದು, ಮೈ ಇಳಿದದ್ದು ವಯಸ್ಸಿನದಾಗಿರಲಿಲ್ಲ. ಒಂದು ದಿನ ಅಂಗಳದಲ್ಲಿ ನಡೆಯುತ್ತಿದ್ದವನ ಕಾಲು ಸೋತು ಕೂತ. ಕಾಲು ತನ್ನದಲ್ಲ ಎಂಬಂತೆ ನೋಡುತ್ತ ಕೂತ. ಅವನನ್ನು ತೂಗುಬಂಡಿಯಲ್ಲಿ ಮಲಗಿಸಿ ಇಳಿಸಿದೆವು.

ಆಸ್ಪತ್ರೆಯಲ್ಲಿ ಕೇಳಿ ತಿಳಿದದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಒಳಕಾಯಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ಮೂತ್ರದ ಚೀಲದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ವೀರ್ಯದ ನೀರಿನ ಒಂದು ಪಾಲು ಅಲ್ಲಿ ಆಗುತ್ತದೆ. ಅದರೊಳಗೆ ಕ್ಯಾನ್ಸರ್ ಹುಟ್ಟಿದರೆ ಮೊದಲಲ್ಲಿ ಏನೂ ಗೊತ್ತಾಗುವುದಿಲ್ಲ. ನೋಯುವುದಿಲ್ಲ, ಉರಿಯುವುದಿಲ್ಲ. ಅದು ಕಾಯಿಯ ಸಿಪ್ಪೆ ದಾಟಿದರೆ ಎಲುಬಿನ ಕಡೆ ಹೋಗುವುದು ಹೆಚ್ಚು, ಅದರಲ್ಲೂ ಬೆನ್ನೆಲುಬು, ಸೊಂಟ. ಅಣ್ಣನಿಗೆ ಬೆನ್ನಿನ ಎಲುಬು ಒಳಗೆ ಕುಸಿದು ಬೆನ್ನುಹುರಿಯನ್ನು ಒತ್ತುತ್ತಿತ್ತು, ಕಾಲು ಸೋತದ್ದು ಅದಕ್ಕೇ. ಪಟ್ಟಿಯ ಗುರುತಿನ ಕೆಳಗೇ ರೋಗ ಕೂತಿತ್ತು. ಅವನ ರಕ್ತದಲ್ಲಿ ನೀವು ಪಿಎಸ್ಎ ಎನ್ನುತ್ತಿದ್ದ ಅಂಕಿ, ನಾಲ್ಕರ ಆಸುಪಾಸಿನಲ್ಲಿ ಇರಬೇಕಾದದ್ದು, ಸಾವಿರದ ಮೇಲೆ ಬಂತು. ಬಾಯಾರು ಆ ಕಾಗದವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಮಗುಚಿ ಇಟ್ಟರು.

ಗಂಡಸುತನದ ರಸವೇ ಈ ಕ್ಯಾನ್ಸರಿಗೆ ಮೇವು. ಅದಕ್ಕೆ ಆ ರಸವನ್ನು ನಿಲ್ಲಿಸುವ ಸೂಜಿ ಕೊಡುತ್ತಾರೆ. ಬೆನ್ನಿಗೆ ಕಿರಣ ಬಿಟ್ಟರು, ಸೂಜಿ ಚುಚ್ಚಿದರು. ಅಣ್ಣನಿಗೆ ನೋವು ಇಳಿಯಿತು, ಕೋಲು ಹಿಡಿದು ನಡೆದ ಸಹ. ನಾವು ಗೆದ್ದೆವು ಅಂದುಕೊಂಡೆವು. ಸೂಜಿಯಿಂದ ಅವನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಮೈ ಕಾದು ಬೆವರು ಇಳಿಯುತ್ತಿತ್ತು, ಎದೆ ಮೆತ್ತಗಾಯಿತು, ಸಣ್ಣ ಮಾತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತಿಗೆಗೆ ಹೇಳುತ್ತಿದ್ದ, “ಮುಟ್ಟು ನಿಂತ ಮ್ಯಾಲೆ ನಿನಗ ಹಿಂಗ ಆಗತಿತ್ತಲ್ಲ, ಆವಾಗ ನಾ ನಕ್ಕಿದ್ದೆ ನೋಡು, ಈಗ ನೀ ನಗು.” ಅವಳು ಬೀಸಣಿಗೆ ಬೀಸುತ್ತ, “ನಗತೀನಿ ತಡಿ, ಇನ್ನ ಎಷ್ಟ ವರ್ಷ ಅದಾವ” ಎನ್ನುತ್ತಿದ್ದಳು. ವರ್ಷಗಳು ಇರಲಿಲ್ಲ. ಕೆಲವರಿಗೆ ಈ ಔಷಧಿ ಬಹಳ ಕಾಲ ರೋಗವನ್ನು ಕಟ್ಟಿ ಹಾಕುತ್ತದಂತೆ. ಅಣ್ಣನ ರೋಗ ಮೇವಿಲ್ಲದೆಯೂ ಬೆಳೆಯಲು ಬೇಗ ಕಲಿತುಬಿಟ್ಟಿತು. ಮುಂದಿನ ಔಷಧಿಗಳೂ ಇದ್ದವು, ಅವು ಒಂದೊಂದಾಗಿ ಸೋತವು. ಕೊನೆಯ ವಾರ ಅವನು ಬಾಯಾರನ್ನು ಹತ್ತಿರ ಕರೆದು, “ಆವತ್ತು ನಿಮ್ಮ ಮಾತು ಕೇಳಿದ್ರ?” ಎಂದು ಕೇಳಿದ. ಆವತ್ತೇ ಎಲ್ಲ ತಿಳಿಯುತ್ತಿತ್ತೆಂದು ಆಣೆ ಮಾಡಿ ಹೇಳಲಾರೆ, ಆದರೆ ನೋಡುವ ಅವಕಾಶ ಇತ್ತು, ಎಂದು ಅವರು ಹೇಳಿದರು. ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಣ್ಣ ಆ ಉತ್ತರ ಕೇಳಿ ತಲೆ ಆಡಿಸಿದ, ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಎಲ್ಲಿಯೂ ಇಡಲಾರೆ.

ನೀವು ಕೇಳಬಹುದು, ಇಷ್ಟು ವರ್ಷ ಕಳೆದರೂ ಈ ರೋಗ ಹೋಗಲಿಲ್ಲವೇ ಎಂದು. ನಿಮ್ಮ ಮತ್ತು ನಮ್ಮ ನಡುವೆ ಕತ್ತಲಿನ ಕಾಲ ಒಂದು ಬಂದು ಹೋಯಿತು. ಬಹಳಷ್ಟು ಯಂತ್ರ, ಬಹಳಷ್ಟು ಓದು ಅದರಲ್ಲಿ ಮುಳುಗಿತು. ಮತ್ತೆ ಎದ್ದು ನಾವು ತಲುಪಿರುವುದು ಹೆಚ್ಚು ಕಡಿಮೆ ನೀವು ನಿಂತಿದ್ದ ಜಾಗಕ್ಕೇ. ಹೊಳೆಗಳು ಬರಲಿಲ್ಲ, ಊರುಗಳು ಬರಲಿಲ್ಲ, ಈ ಬೇನೆ ಮಾತ್ರ ದಾರಿ ತಪ್ಪದೆ ನಮ್ಮ ಹಿಂದೆ ಬಂತು.

ಅಣ್ಣನನ್ನು ಮಣ್ಣು ಮಾಡುವ ಮೊದಲೇ, ಅವನು ಆಸ್ಪತ್ರೆಯಲ್ಲಿದ್ದಾಗಲೇ, ಬಾಯಾರು ನಮ್ಮೆಲ್ಲರ ರಕ್ತ ತೆಗೆದಿದ್ದರು. ಇಬ್ಬರ ಅಂಕಿ ಹೆಚ್ಚು ಬಂತು. ಒಬ್ಬ ನಾನು. ಇನ್ನೊಬ್ಬ ನಮ್ಮ ಅಪ್ಪನ ತಮ್ಮ ಮುದುಕಪ್ಪ ಕಾಕಾ, ಎಂಬತ್ತರ ಹತ್ತಿರದವನು. ಅಂಕಿ ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಊತಕ್ಕೂ ಸೋಂಕಿಗೂ ಏರುತ್ತದೆ ಎಂದು ಹೇಳಿ ಮತ್ತೆ ರಕ್ತ ನೋಡಿದರು. ಕೈಬೆರಳಿನಿಂದ ಹಿಂದಿನ ದಾರಿಯಲ್ಲಿ ಕಾಯಿಯನ್ನು ಮುಟ್ಟಿ ನೋಡಿದರು. ಆಗ ಕಾಕಾ, “ಎಂಬತ್ತು ವರ್ಷ ಕಾಪಾಡಿದ ಮರ್ಯಾದಿ ಬಾಯಾರ, ಸಾವಕಾಶ” ಎಂದ. ಅಯಸ್ಕಾಂತದ ಕೊಳವೆಯಲ್ಲಿ ಮಲಗಿಸಿ ಚಿತ್ರ ತೆಗೆದರು. ಆಮೇಲೆ ಸಣ್ಣ ಸೂಜಿಯಿಂದ ಕಾಯಿಯ ಚೂರುಗಳನ್ನು ತೆಗೆದು ದೊಡ್ಡದಾಗಿ ತೋರಿಸುವ ಮಸೂರದ ಕೆಳಗೆ ಇಟ್ಟು ನೋಡಿದರು. ಇಬ್ಬರಿಗೂ ಕ್ಯಾನ್ಸರ್ ಇತ್ತು.

ಆದರೆ ಕಾಕಾನಿಗೆ ಔಷಧಿ ಬೇಡ ಎಂದರು, ನನಗೆ ಬೇಕು ಎಂದರು. ನಾನು ಸಿಟ್ಟಾದೆ. ಎಂಬತ್ತು ವರ್ಷದವರು ಹೋದರೆ ಹೋಗಲಿ ಎಂದು ಬಿಡುತ್ತೀರೇನು ಎಂದು ಕೇಳಿದೆ. ಬಾಯಾರು ಸಿಟ್ಟಾಗದೆ, “ನೀವು ಕಂಬದವರು, ನಿಮಗ ನಾ ಹೇಳಬೇಕೇನ್ರಿ? ಕಬ್ಬಿಣದ ಮ್ಯಾಲ ಜಂಗು ಬರತೈತಿ. ಮೂವತ್ತು ವರ್ಷ ಜಂಗು ಹಿಡಿದ ಕಂಬ ನಿಂತಿರೋದಿಲ್ಲೇನು? ಅದೇ ಬೋಲ್ಟಿನೊಳಗ ಬಿರುಕು ಬಿಟ್ಟಿದ್ರ ಬಿಡತೀರೇನು?” ಎಂದರು. ಕಾಕಾನದು ಜಂಗು, ಅಂದರೆ ಬರೀ ತುಕ್ಕು. ಚೂರುಗಳಲ್ಲಿ ಜೀವಕಣಗಳು ಹೆಚ್ಚು ಕಡಿಮೆ ಸಾದಾ ಕಣಗಳಂತೆಯೇ ಸಾಲಾಗಿ ಕೂತಿವೆ, ನಿಧಾನ ಬೆಳೆಯುತ್ತವೆ. ಅದನ್ನು ಸುಟ್ಟು ಕೊಯ್ದು ಅವನಿಗೆ ಕಷ್ಟ ಕೊಡುವುದಕ್ಕಿಂತ ಆಗಾಗ ರಕ್ತ ನೋಡಿ ಕಣ್ಣಿಟ್ಟಿರುವುದೇ ಒಳ್ಳೆಯದು. ಅವನು ಬಹುಶಃ ಬೇರೆ ಯಾವುದರಿಂದಲೋ ಸಾಯುತ್ತಾನೆ. ನನ್ನದು ನಡುಮಟ್ಟದ್ದು, ಇನ್ನೂ ಕಾಯಿಯ ಒಳಗೇ ಇದೆ, ಎಲುಬಿನ ಚಿತ್ರ ತಿಳಿಯಾಗಿದೆ. ಆದರೆ ಕಣಗಳ ಸಾಲು ಕೆಟ್ಟಿದೆ, ವಯಸ್ಸು ಇನ್ನೂ ಉಳಿದಿದೆ, ಮನೆತನದ ಬೇರು ನಮ್ಮ ರಕ್ತದಲ್ಲಿ ಇರುವುದೂ ಕಂಡಿದೆ. ನನ್ನದು ಬಿರುಕು. ಸುತ್ತಿಗೆಯ ಸದ್ದು ಬದಲಾದ ಬೋಲ್ಟನ್ನು ನಾನೇ ಎಷ್ಟೋ ಸಲ ಬಿಚ್ಚಿ ಹಾಕಿದ್ದೇನೆ.

ಕೊಯ್ದು ಕಾಯಿ ತೆಗೆಯಬಹುದು, ಇಲ್ಲವೇ ಕಿರಣ ಬಿಟ್ಟು ಸುಡಬಹುದು, ಎರಡಕ್ಕೂ ಫಲ ಹತ್ತಿರ ಹತ್ತಿರ ಎಂದರು. ಕೊಯ್ದರೆ ಕೆಲವು ಕಾಲ ಮೂತ್ರ ತಾನಾಗಿ ಸೋರಬಹುದು, ಹೆಚ್ಚಿನವರಿಗೆ ತಿಂಗಳು ಕಳೆದಂತೆ ಹತೋಟಿಗೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ. ಕಿರಣದಲ್ಲಿ ಉರಿಮೂತ್ರ, ಅವಸರ, ಹೊಟ್ಟೆ ಕೆಡುವುದು ಇರುತ್ತದೆ, ಕೆಲವು ತೊಂದರೆ ವರ್ಷಗಳ ಮೇಲೂ ಕಾಣಿಸಬಹುದು. ಎರಡರಲ್ಲಿಯೂ ಗಂಡಹೆಂಡಿರ ಕೂಡುವಿಕೆ ಮೊದಲಿನಂತೆ ಉಳಿಯದೇ ಹೋಗಬಹುದು, ಅದಕ್ಕೂ ಔಷಧಿ ಇದೆ, ಕೇಳಲು ನಾಚಬಾರದು. ನನ್ನ ಹೆಂಡತಿ ಹೊನ್ನವ್ವ ಪಕ್ಕದಲ್ಲೇ ಕೂತಿದ್ದಳು. ನಾನು ನೆಲ ನೋಡಿದೆ. ಹನಿ ನೀರು ನೆಲಕ್ಕೆ ಬಿದ್ದರೆ ಪಾಪ ಎನ್ನುವ ಊರಿನಲ್ಲಿ, ಪಟ್ಟಿ ಕಟ್ಟಿ ಏಣಿ ಹತ್ತುವವನ ತೊಡೆ ಒದ್ದೆಯಾದರೆ ಕೆಳಗೆ ನಿಂತವರು ಏನನ್ನುತ್ತಾರೆ ಎಂಬುದು ಮೊದಲು ನನ್ನ ತಲೆಗೆ ಬಂದದ್ದು. ಸಾವು ಅದರ ಮೇಲೆ ಬಂತು. ನಾಚಿಕೆ ಸಾವಿಗಿಂತ ಮುಂದೆ ಬಂದು ನಿಂತಿದ್ದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು, ಯಾಕೆಂದರೆ ಜನ ಏನನ್ನುತ್ತಾರೆ ಎಂಬ ಅದೇ ಅಳುಕು ಆಗ ಅಣ್ಣನನ್ನು ಕೊಲ್ಲುತ್ತಿತ್ತು. ಕಿರಣವೇ ಇರಲಿ ಎಂದೆ. ಕಿರಣಕ್ಕೆ ಜೊತೆಯಾಗಿ ಆರು ತಿಂಗಳು ಸೂಜಿ ಬೇಕು ಎಂದರು.

ಮೊದಲ ಸೂಜಿ ಹೋದ ಗಾಳಿತಿಂಗಳಲ್ಲೇ ಆಯಿತು. ಅಣ್ಣನಿಗೆ ಕೊಟ್ಟದ್ದು ಅದೇ ಔಷಧಿ, ಅದೇ ನೀಲಿ ಮುಚ್ಚಳದ ಶೀಶೆ. ಅವನಿಗೆ ರೋಗವನ್ನು ಹಿಡಿದು ನಿಲ್ಲಿಸಲು, ನನಗೆ ಕಿರಣದ ಕೈ ಬಲಪಡಿಸಲು, ಎರಡೂ ಬೇರೆ ಎಂದು ಬಾಯಾರು ಬಿಡಿಸಿ ಹೇಳಿದ್ದಾರೆ. ಬುದ್ಧಿಗೆ ತಿಳಿಯುತ್ತದೆ. ಆದರೆ ಮೈ ಒಮ್ಮೆಲೇ ಕಾದು ಬೆವರು ಇಳಿದಾಗ ಅತ್ತಿಗೆ ಅಡುಗೆಮನೆಯಿಂದ ನನ್ನನ್ನು ನೋಡುತ್ತಾಳೆ, ತಕ್ಷಣ ಮುಖ ತಿರುಗಿಸುತ್ತಾಳೆ. ಅವಳಿಗೆ ನನ್ನಲ್ಲಿ ಅಣ್ಣ ಕಾಣುತ್ತಾನೆ. ನನಗೂ ಹಾಗೇ. ಸೊಂಟದಲ್ಲಿ ಎಲ್ಲಿ ಚುಳ್ಳೆಂದರೂ ಅಲ್ಲಿಂದ ಶುರುವಾಯಿತು ಎನಿಸುತ್ತದೆ. ಕಂಬದ ಮೇಲೆ ಎಂದೂ ಹೆದರದವನು ಅಂಗಳ ದಾಟುವಾಗ ಕಾಲು ತನ್ನದೇ ಹೌದೋ ಎಂದು ನೋಡಿಕೊಳ್ಳುತ್ತೇನೆ. ಒಂದು ದಿನ ಹೊನ್ನವ್ವನಿಗೆ ಹೇಳಿದೆ, ಕಿರಣ ಬೇಡ, ಇದ್ದಷ್ಟು ದಿನ ಗಂಡಸಾಗಿ ಇರುತ್ತೇನೆ ಎಂದು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮೂವತ್ತು ವರ್ಷ ನೀ ಕಂಬದ ಮ್ಯಾಲಿದ್ದಾಗ ನಾ ಕೆಳಗ ನಿಂತು ಹೆದರೇನಿ. ಯಾವತ್ತರ ಇಳಿ ಅಂದೇನೇನು? ಈಗ ಒಂದು ಸಲ ಅಂತೀನಿ. ಗುಡ್ಡ ಇಳಿ.” ನಾನು ಹಗ್ಗ ಎತ್ತಿಕೊಂಡು ಕಂಬದ ಕಡೆ ಹೋದೆ.

ಇವತ್ತು ಬೆಳಗ್ಗೆ ಹಂಡೆಗಳು ಬಂದವು ಎಂದೆನಲ್ಲ, ಅವನ್ನು ತರಿಸಿದವಳು ಅತ್ತಿಗೆ. ಯಾರನ್ನೂ ಕೇಳಲಿಲ್ಲ. ಐದು ಸಣ್ಣ ಹಂಡೆ, ಐವತ್ತರ ಆಸುಪಾಸಿನ, ಐವತ್ತು ದಾಟಿದ ಗಂಡಸರಿಗೆ ಒಂದೊಂದು. ಮುದುಕಪ್ಪ ಕಾಕಾ ಬಾಗಿಲಿಗೆ ಅಡ್ಡ ನಿಂತ. “ಸೂತಕದಾಗ ಮನಿ ಒಡಿಯಾಕ ಹತ್ತೀಯೇನವ್ವಾ? ನಾಳೆ ಮದವಿ ಮನಿಯೊಳಗ ಎಲ್ಲಿ ಕುಂದ್ರೂನು ನಾವು?” ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹಿಂದಿನ ಸಾಲಿನ್ಯಾಗ ಕುಂದ್ರೂನು ಮಾವಾ. ಅಲ್ಲೂ ಹೋಳಿಗಿ ನೀಡತಾರ” ಎಂದಳು. ಕಾಕಾ ಹಂಡೆಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಬ್ಯಾನಿ ಮಲಕೊಂಡೇತಂತ, ನಿಂದು ಎದ್ದು ಕುಂತೇತಂತ. ಹಿಂಗ ಆಗಬಾರದಿತ್ತು, ನಿಂದು ನನಗ ಬರಬೇಕಿತ್ತು. ಬದಲಿ ಮಾಡಿಕೊಳ್ಳಾಕ ಬರೂದಿಲ್ಲ. ನಾಳೆ ಹೋಗು. ಕಳಕಪ್ಪನ್ನ ಹೊತ್ತ ಹೆಗಲು ಇನ್ನೂ ಇಳಿದಿಲ್ಲ ನನಗ, ಎರಡನೇದವನ್ನ ಹೊರಾಕ ಆಗೂದಿಲ್ಲ” ಎಂದ. ಹಾಗೆ ಹೇಳಿ ಬಾಗಿಲು ಬಿಟ್ಟು ಸರಿದ. ಬಿಸಿಲಿನಲ್ಲಿ ಕೂತು ತನ್ನ ಕೈಯಿಂದಲೇ ಕೊಳವೆಗಳ ಬಾಯಿಗೆ ಮೇಣ ಮೆತ್ತಿದ. ನಾನು ಕೊಳವೆ ಹಿಡಿದುಕೊಂಡೆ. ಹೋಗುತ್ತೇನೆ ಎಂದು ನಾನು ಹೇಳಿದ್ದು ಆಗ, ಅವನ ಕಿವಿಯ ಹತ್ತಿರ. ಹೆದರಿಕೆ ಹೋಗಿಲ್ಲ. ಕಿರಣ ಮುಗಿದ ಮೇಲೂ ವರ್ಷಗಟ್ಟಲೆ ರಕ್ತ ನೋಡುತ್ತಿರಬೇಕು, ಅದು ಮರಳಿ ಬರಬಹುದು, ಬಾರದೆಯೂ ಇರಬಹುದು. ಹೆಚ್ಚಿನವರು ಉಳಿಯುತ್ತಾರೆ ಎಂದು ಬಾಯಾರು ಹೇಳಿದ್ದಾರೆ. ಆ ಹೆಚ್ಚಿನವರಲ್ಲಿ ನಾನು ಇರುವೆನೋ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ರಸ್ತೆಯ ಮೂಲೆಯಲ್ಲಿ ರಕ್ತ ಪರೀಕ್ಷೆಯ ಅಂಗಡಿ ಇದೆ ಎಂದು ಓದಿದ್ದೇನೆ. ನಿಮಗೆ ಐವತ್ತು ಆಗಿದ್ದರೆ ಡಾಕ್ಟರ ಮುಂದೆ ಕೂತು ಈ ಮಾತು ಎತ್ತಿ. ಅಪ್ಪನಿಗೋ ಅಣ್ಣನಿಗೋ ಈ ರೋಗ ಬಂದಿದ್ದರೆ, ಅವ್ವನಿಗೆ, ಅಕ್ಕನಿಗೆ ಎದೆಯ ಗಂಟು ಬಂದಿದ್ದರೆ, ಐವತ್ತರ ದಾರಿ ಕಾಯಬೇಡಿ, ಇನ್ನೂ ಮುಂಚೆ ಕೇಳಿ. ಅಂಕಿ ಹೆಚ್ಚು ಬಂದರೆ ಅಂದೇ ಸತ್ತೆ ಎಂದು ಕೂರಬೇಡಿ, ಕಡಿಮೆ ಬಂದರೆ ಇನ್ನು ಎಂದೂ ಬಾರದು ಎಂದು ಮರೆಯಬೇಡಿ. ಜಂಗೋ ಬಿರುಕೋ ಎಂದು ಕೇಳಿ ತಿಳಿದು ಆಮೇಲೆ ಔಷಧಿಯ ಮಾತಾಡಿ. ಎಲ್ಲಕ್ಕಿಂತ ಮುಖ್ಯ, ನಿಮಗೆ ಬಂದರೆ ಅದನ್ನು ನಿಮ್ಮ ತಮ್ಮನಿಗೆ ಹೇಳಿ. ನಮ್ಮ ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೆವು, ಈ ಒಂದು ಮಾತನ್ನು ಬಿಟ್ಟು. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಏನು ಇಳಿದು ಬರುತ್ತದೆ ಎಂದು ಆರಿಸುವ ಅಧಿಕಾರ ನಿಮಗೂ ಇಲ್ಲ, ಗೊತ್ತು. ಆದರೂ ಕೇಳುತ್ತೇನೆ.

ಹೊನ್ನವ್ವ ಬುತ್ತಿಗೆ ಏನು ಕಟ್ಟಲಿ ಎಂದು ಕೇಳುತ್ತಿದ್ದಾಳೆ. ನಾಳೆ ತೂಗುಬಂಡಿ ಬೆಳಗ್ಗೆ ಆರೂವರೆಗೆ ಇಳಿಯುತ್ತದೆ. ಕಿರಣ ಬಿಡುವಾಗ ಮೂತ್ರದ ಚೀಲ ತುಂಬಿರಬೇಕಂತೆ, ಆದ್ದರಿಂದ ಅಲ್ಲಿಗೆ ಹೋದ ಕೂಡಲೇ ಮೂರು ಲೋಟ ನೀರು ಕುಡಿಯಬೇಕು. ನೀರು ಆಸ್ಪತ್ರೆಯವರೇ ಕೊಡುತ್ತಾರೆ.